ಬೆಳಿಗ್ಗೆ ಸೇರಿ ಸಂಜೆ ಮನೆಗೆ: ಆಪರೇಷನ್‌ಗೆ ಮುಂಚಿನ ಗಂಟೆಗಳು

ಹರ್ನಿಯಾ, ಹೈಡ್ರೋಸೀಲ್, ಮೂಲವ್ಯಾಧಿ, ಕಣ್ಣಿನ ಪೊರೆ, ಮೈಮೇಲಿನ ಗಡ್ಡೆ. ಇಂಥವಕ್ಕೆ ಈಗ ದಿನಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಬೆಳಿಗ್ಗೆ ಸೇರಿ, ಎಲ್ಲ ಸರಿಹೋದರೆ ಸಂಜೆಗೆ ಮನೆ ಮುಟ್ಟಬಹುದು. ಆದರೆ ಇದರಿಂದ ಒಂದು ಹೊಣೆ ಕೈ ಬದಲಿಸಿದೆ. ಮೊದಲು ಹಿಂದಿನ ದಿನವೇ ವಾರ್ಡಿಗೆ ಸೇರುತ್ತಿದ್ದ ರೋಗಿಗೆ ಊಟ ಯಾವಾಗ ನಿಲ್ಲಿಸಬೇಕು, ಯಾವ ಮಾತ್ರೆ ಕೊಡಬೇಕು, ಒಡವೆ ಯಾವಾಗ ತೆಗೆಸಬೇಕು ಎಂಬುದನ್ನೆಲ್ಲ ಸಿಸ್ಟರ್ ನೋಡಿಕೊಳ್ಳುತ್ತಿದ್ದರು. ಈಗ ಅದು ಸಿರುಗುಪ್ಪದಲ್ಲೋ ಮಾನ್ವಿಯಲ್ಲೋ ಕುಷ್ಟಗಿಯಲ್ಲೋ ಮನೆಯಲ್ಲೇ ಇರುವ ರೋಗಿ ಮತ್ತು ಮನೆಯವರ ಕೆಲಸ. ಕೈಯಲ್ಲಿರುವುದು ಒಂದು ಚೀಟಿ, ಅದರಲ್ಲಿ ಒಂದೇ ಸಾಲು: ‘ಬೆಳಿಗ್ಗೆ 8 ಗಂಟೆಗೆ ಖಾಲಿ ಹೊಟ್ಟೆಯಲ್ಲಿ ಬರುವುದು.’ ಆ ಸಾಲಿನ ಹಿಂದೆ ಏನೇನಿದೆ ಎಂದು ತಿಳಿದಿದ್ದರೆ, ಟೇಬಲ್ ತನಕ ಹೋಗಿ ವಾಪಸ್ ಬರುವ ಎಷ್ಟೋ ಪ್ರಸಂಗಗಳು ತಪ್ಪುತ್ತವೆ.

ಖಾಲಿ ಹೊಟ್ಟೆ ಅಂದರೆ ಎಷ್ಟು ಖಾಲಿ?

ಎಚ್ಚರವಿದ್ದಾಗ ಒಂದು ಅಗುಳು ಗಾಳಿಕೊಳವೆಯ ಕಡೆ ಜಾರಿದರೂ ಕೆಮ್ಮು ಬಂದು ಹೊರದಬ್ಬುತ್ತದೆ. ನೆತ್ತಿಗೇರಿತು ಅನ್ನುತ್ತೇವಲ್ಲ, ಅದೇ. ಪೂರ್ತಿ ಅರಿವಳಿಕೆ ಕೊಟ್ಟಾಗ ಆ ಕೆಮ್ಮಿನ ಕಾವಲು ಇರುವುದಿಲ್ಲ. ಅನ್ನನಾಳದ ತುದಿಯಲ್ಲಿ ಹೊಟ್ಟೆಯ ಬಾಯನ್ನು ಬಿಗಿಹಿಡಿದ ಸ್ನಾಯುವೂ ಸಡಿಲಾಗುತ್ತದೆ. ಹೊಟ್ಟೆಯಲ್ಲಿ ಏನಾದರೂ ಉಳಿದಿದ್ದರೆ ಅದು ಹುಳಿರಸದ ಜೊತೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಆಮ್ಲದಿಂದ ಶ್ವಾಸಕೋಶ ಸುಡುತ್ತದೆ, ಆಹಾರದ ಚೂರುಗಳು ದಾರಿ ಕಟ್ಟುತ್ತವೆ. ಅಪರೂಪಕ್ಕೆ ಆಗುವಂಥದ್ದೇ, ಆದರೆ ಆದಾಗ ಐಸಿಯುವರೆಗೂ ಒಯ್ಯುವಂಥದ್ದು, ಜೀವವನ್ನೇ ತೆಗೆಯಬಹುದಾದಂಥದ್ದು. ಉಪವಾಸದ ನಿಯಮ ಇರುವುದು ಇದಕ್ಕಾಗಿ.

ಅರಿವಳಿಕೆ ತಜ್ಞರು ಜಗತ್ತಿನ ಬಹುಕಡೆ ಪಾಲಿಸುವ ಲೆಕ್ಕ ಇದು: ಕರಿದದ್ದು, ಎಣ್ಣೆ-ತುಪ್ಪ ಹೆಚ್ಚಿರುವುದು, ಮಾಂಸದ ಊಟಕ್ಕೆ 8 ಗಂಟೆ. ಹಗುರ ಆಹಾರಕ್ಕೆ, ಹಾಲಿಗೆ 6 ಗಂಟೆ. ಕೂಸಿಗೆ ತಾಯಿಹಾಲಾದರೆ 4 ಗಂಟೆ. ತಿಳಿಯಾದ ದ್ರವಕ್ಕೆ 2 ಗಂಟೆ. ಈ ಗಂಟೆಗಳನ್ನು ಆಪರೇಷನ್ ಶುರುವಾಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು, ಮಲಗಿದ ಹೊತ್ತಿನಿಂದಲ್ಲ.

ನಮ್ಮ ಕಡೆಯ ತಟ್ಟೆಗೆ ಇದನ್ನು ಹಾಕಿ ನೋಡೋಣ. ಮಿರ್ಚಿ ಭಜಿ 8 ಗಂಟೆಯ ಲೆಕ್ಕದ್ದು. ಒಗ್ಗರಣೆ ಮಂಡಕ್ಕಿಯಲ್ಲಿ ಎಣ್ಣೆಯೂ ಶೇಂಗಾವೂ ಇರುವುದರಿಂದ ಅದನ್ನೂ ಅಲ್ಲೇ ಸೇರಿಸುವುದು ಕ್ಷೇಮ. ಜೋಳದ ರೊಟ್ಟಿ, ಬೇಳೆ, ಅನ್ನ-ಸಾರು 6 ಗಂಟೆಗೆ ಸಾಕಾದರೂ ಹಿಂದಿನ ರಾತ್ರಿ ಒಂಬತ್ತರೊಳಗೆ ಮುಗಿಸಿಬಿಟ್ಟರೆ ಎಣಿಸುವ ತಲೆನೋವೇ ಇಲ್ಲ. ಜನ ತಪ್ಪುವುದು ಚಹಾದಲ್ಲಿ. ‘ಏನೂ ತಿಂದಿಲ್ರಿ, ಬರೇ ಅರ್ಧ ಕಪ್ ಚಾ’ ಅನ್ನುವ ಮಾತು ಪ್ರತಿ ಆಸ್ಪತ್ರೆಯಲ್ಲೂ ಕೇಳುತ್ತದೆ. ಆ ಅರ್ಧ ಕಪ್ಪಿನಲ್ಲಿ ಹಾಲಿದೆ. ಹಾಲು ಹೊಟ್ಟೆಯ ಆಮ್ಲಕ್ಕೆ ಸಿಕ್ಕು ಒಡೆದು ಗಟ್ಟಿಯಾಗುತ್ತದೆ, ನೀರಿನ ಹಾಗೆ ಬೇಗ ಕೆಳಗಿಳಿಯುವುದಿಲ್ಲ. ಮಜ್ಜಿಗೆ, ಅಂಬಲಿ, ಗಂಜಿ, ಹಾರ್ಲಿಕ್ಸ್ ಕೂಡ ತಿಳಿ ದ್ರವವಲ್ಲ. ನೀರು, ಹಾಲಿಲ್ಲದ ಚಹಾ, ತಿರುಳಿಲ್ಲದೆ ಸೋಸಿದ ಹಣ್ಣಿನ ರಸ ತಿಳಿ ದ್ರವಗಳು. ಲೋಟದಲ್ಲಿ ಹಾಕಿ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಬೇಕು.

ನೀರಿನ ವಿಷಯ ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ಆಗುತ್ತದೆ. ‘ರಾತ್ರಿ ಹನ್ನೆರಡರ ಮೇಲೆ ಹನಿ ನೀರೂ ಬೇಡ’ ಎಂಬ ಹಳೆಯ ಸೂಚನೆ ಇನ್ನೂ ಚಾಲ್ತಿಯಲ್ಲಿದೆ. ಆಸ್ಪತ್ರೆಗೆ ಅದು ಅನುಕೂಲ: ಪಟ್ಟಿ ಹಿಂದುಮುಂದಾದರೂ ಯಾರನ್ನು ಬೇಕಾದರೂ ಒಳಗೆ ಕರೆಯಬಹುದು. ರೋಗಿಗೆ ಅದು ಅನುಕೂಲವಲ್ಲ. ರಾಯಚೂರಿನ ಏಪ್ರಿಲ್-ಮೇ ತಿಂಗಳಲ್ಲಿ ತಾಪ 40 ಡಿಗ್ರಿ ದಾಟುತ್ತದೆ. ರಾತ್ರಿಯಿಡೀ ಬೆವರಿ, ದೇವದುರ್ಗದಿಂದಲೋ ಮಸ್ಕಿಯಿಂದಲೋ ಬಸ್ಸಿನಲ್ಲಿ ಕುಳಿತು ಬಂದು, ಮಧ್ಯಾಹ್ನ ಒಂದು ಗಂಟೆಗೆ ಸರದಿ ಸಿಕ್ಕಿದರೆ ಆ ದೇಹಕ್ಕೆ ನೀರು ಬಿದ್ದು ಹದಿಮೂರು ಗಂಟೆ. ಬಾಯಿ ಒಣಗುತ್ತದೆ, ತಲೆ ಸಿಡಿಯುತ್ತದೆ, ಸೂಜಿ ಹಾಕಲು ನರ ಸಿಗುವುದಿಲ್ಲ, ಅರಿವಳಿಕೆ ಕೊಟ್ಟ ಕೂಡಲೇ ಬಿಪಿ ಕುಸಿಯುವ ಸಂಭವ ಹೆಚ್ಚು. ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗಲಂತೂ ರಕ್ತನಾಳಗಳು ಹಿಗ್ಗುವುದರಿಂದ ಈ ಕುಸಿತ ಇನ್ನೂ ಜೋರು.

ಹಾಗಾಗಿ ದಿನ ಗೊತ್ತುಮಾಡುವಾಗಲೇ ಎರಡು ಪ್ರಶ್ನೆ ಕೇಳಿ ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ‘ಪಟ್ಟಿಯೊಳಗ ನಮ್ಮದು ಎಷ್ಟನೇದು ಬರಬಹುದ್ರಿ?’ ‘ನೀರು ಎಷ್ಟೊತ್ತಿನ ತನಕ ಕುಡಿಬಹುದ್ರಿ?’ ಎರಡನೆಯದಕ್ಕೆ ‘ಆರು ಗಂಟೆ ತನಕ’ ಎಂಬ ಉತ್ತರ ಬಂದರೆ ಐದೂವರೆಗೆ ಎದ್ದು ಒಂದೆರಡು ಲೋಟ ನೀರು ಕುಡಿದೇ ಹೊರಡಿ. ಅನುಮತಿ ಇದ್ದೂ ಕುಡಿಯದೆ ಬರುವುದು ಶಿಸ್ತಲ್ಲ, ದೇಹಕ್ಕೆ ವೃಥಾ ಶಿಕ್ಷೆ. ಎರಡು ಗಂಟೆಯ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ ಎಂಬುದೂ ನೆನಪಿರಲಿ. ಬಹುಕಾಲದ ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಮಲಗಿದರೆ ಹುಳಿ ಗಂಟಲಿಗೆ ಬರುವವರು, ತೂಕ ಅಥವಾ ಸಕ್ಕರೆಗೆ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಚುಚ್ಚಿಕೊಳ್ಳುವವರು, ಇವರ ಹೊಟ್ಟೆ ನಿಧಾನವಾಗಿ ಖಾಲಿಯಾಗಬಹುದು, ಇಲ್ಲವೇ ಒಳಗಿನದು ಸುಲಭವಾಗಿ ಮೇಲೆ ಬರಬಹುದು. ಡಯಾಲಿಸಿಸ್‌ನವರಿಗೆ ನೀರಿನ ಮಿತಿಯೇ ಬೇರೆ. ಇವರೆಲ್ಲ ಅರಿವಳಿಕೆ ಡಾಕ್ಟರನ್ನೇ ಕೇಳಬೇಕು.

ಬೆನ್ನಿಗೆ ಇಂಜೆಕ್ಷನ್ ತಾನೇ, ಪ್ರಜ್ಞೆ ಇರುತ್ತದಲ್ಲ, ಉಪವಾಸ ಯಾಕೆ ಎಂದು ಕೇಳುವವರಿದ್ದಾರೆ. ಕೆಲವೊಮ್ಮೆ ಮದ್ದು ಸರಿಯಾಗಿ ಹಿಡಿಯುವುದಿಲ್ಲ, ನಡುವೆಯೇ ಪೂರ್ತಿ ಅರಿವಳಿಕೆಗೆ ಹೋಗಬೇಕಾಗುತ್ತದೆ. ಆಗ ಹೊಟ್ಟೆ ಖಾಲಿ ಇರಲೇಬೇಕು. ಕಣ್ಣಿನ ಪೊರೆಯನ್ನು ಬರಿಯ ಹನಿ ಮದ್ದಿನಲ್ಲಿ ತೆಗೆಯುವ ಕಡೆ ಮಾತ್ರ ಅನೇಕರು ಹಗುರ ಉಪಾಹಾರಕ್ಕೆ ಒಪ್ಪುತ್ತಾರೆ, ಕೇಳಿ ತಿಳಿದುಕೊಳ್ಳಿ.

ಇಷ್ಟಾದ ಮೇಲೂ ಮಗುವಿನ ಹಟಕ್ಕೆ ಅಜ್ಜಿ ಒಂದು ಬಿಸ್ಕಿಟ್ ಕೊಟ್ಟುಬಿಟ್ಟಿದ್ದರೆ? ಹೇಳಿಬಿಡಿ. ಏನು ತಿಂದದ್ದು, ಎಷ್ಟು ಗಂಟೆಗೆ, ಎರಡನ್ನೂ ಹೇಳಿ. ಆಗುವುದಿಷ್ಟೇ: ಸರದಿ ಮಧ್ಯಾಹ್ನಕ್ಕೆ ಹೋಗುತ್ತದೆ, ಇಲ್ಲವೇ ಇನ್ನೊಂದು ದಿನಕ್ಕೆ. ಬೈಗುಳಕ್ಕೆ ಹೆದರಿ, ದಿನ ತಪ್ಪೀತೆಂದು ಮುಚ್ಚಿಟ್ಟರೆ ಅಪಾಯದಲ್ಲಿ ಬೀಳುವುದು ಆ ಮಗುವಿನ ಉಸಿರು.

ಗುಟ್ಕಾ, ತಂಬಾಕು ಮತ್ತು ಬಾಯಿ

ಉಪವಾಸದಲ್ಲಿ ಎಲೆ-ಅಡಿಕೆ, ಗುಟ್ಕಾ, ಚೂಯಿಂಗ್ ಗಮ್ ಯಾವುದೂ ಬೇಡ. ಜಗಿಯುತ್ತಿದ್ದರೆ ಜೊಲ್ಲೂ ಹೊಟ್ಟೆಯ ರಸವೂ ಉಕ್ಕುತ್ತವೆ, ಅಡಿಕೆ ಚೂರು ದವಡೆಯಲ್ಲಿ ಉಳಿಯುತ್ತದೆ. ನಮ್ಮ ಜಿಲ್ಲೆಗಳಲ್ಲಿ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಭಾಗ ಗಟ್ಟಿಯಾಗಿ ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರುತ್ತದೆ. ಅರಿವಳಿಕೆ ಡಾಕ್ಟರಿಗೆ ಉಸಿರಿನ ಕೊಳವೆ ಹಾಕಲು ಇರುವ ಮಾಮೂಲಿ ದಾರಿ ಬಾಯಿ. ಅವರು ‘ಬಾಯಿ ಪೂರಾ ತೆಗೀರಿ’ ಎಂದು ನೋಡುವುದು ಇದಕ್ಕೇ. ಮನೆಯಲ್ಲೇ ಪರೀಕ್ಷಿಸಿ: ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಮೇಲಿನ-ಕೆಳಗಿನ ಹಲ್ಲುಗಳ ನಡುವೆ ಹಿಡಿಯಬೇಕು. ಎರಡೇ ಬೆರಳು ಹಿಡಿದರೆ, ಚಟದ ಮಾತು ಹಿರಿಯರೆದುರು ಬೇಡವೆಂದು ಮರೆಮಾಚದೆ ಮೊದಲ ತಪಾಸಣೆಯಲ್ಲೇ ಹೇಳಿ. ಮೊದಲೇ ಗೊತ್ತಾದರೆ ಮೂಗಿನಿಂದ ಕೊಳವೆ ಹಾಕುವ ಸಾಮಗ್ರಿ, ಅನುಭವಿ ಕೈ, ಎರಡನ್ನೂ ಸಿದ್ಧ ಇಟ್ಟುಕೊಳ್ಳುತ್ತಾರೆ. ಅಲ್ಲಾಡುವ ಹಲ್ಲು, ತೆಗೆದಿಡುವ ಹಲ್ಲುಸೆಟ್ಟಿನ ವಿಷಯವೂ ಹೀಗೆಯೇ.

ಬೀಡಿ-ಸಿಗರೇಟು ಸೇದುವವರು ಕೊನೆಯ ಒಂದು ದಿನ ಬಿಟ್ಟರೂ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಇಳಿದು ಆಮ್ಲಜನಕಕ್ಕೆ ಜಾಗ ಸಿಗುತ್ತದೆ. ವಾರಗಳ ಮೊದಲೇ ಬಿಟ್ಟರೆ ಗಾಯ ಮಾಯುವುದಕ್ಕೂ ಒಳ್ಳೆಯದು.

ಮಾತ್ರೆ: ಯಾವುದು ನುಂಗಬೇಕು, ಯಾವುದು ಬಿಡಬೇಕು

‘ಖಾಲಿ ಹೊಟ್ಟೆ’ ಅಂದ ಕೂಡಲೇ ಎಲ್ಲ ಮಾತ್ರೆ ನಿಲ್ಲಿಸುವವರು ಬಹಳ. ಬಿಪಿ 180/110ಕ್ಕಿಂತ ಮೇಲಿದ್ದರೆ ತುರ್ತಿಲ್ಲದ ಆಪರೇಷನ್ ಅನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ಮಾತ್ರೆ ಬಿಟ್ಟ ಬೆಳಿಗ್ಗೆ, ಜೊತೆಗೆ ಹೆದರಿಕೆ, ಅಂಕಿ ಅಲ್ಲಿಗೆ ಮುಟ್ಟುವುದು ಕಷ್ಟವೇನಲ್ಲ. ಅಮ್ಲೋಡಿಪಿನ್, ಅಟೆನೊಲಾಲ್, ಮೆಟೊಪ್ರೊಲಾಲ್ ಬಗೆಯವನ್ನು ಆ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಲು ಹೇಳುವುದೇ ರೂಢಿ. ಅದೇ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಇದ್ದರೆ 24 ಗಂಟೆ ಮೊದಲೇ ನಿಲ್ಲಿಸಲು ಅನೇಕ ಡಾಕ್ಟರು ಹೇಳುತ್ತಾರೆ, ಯಾಕೆಂದರೆ ಅರಿವಳಿಕೆಯ ಜೊತೆ ಸೇರಿ ಅವು ಬಿಪಿಯನ್ನು ಅತಿಯಾಗಿ ಇಳಿಸಬಹುದು. ಒಂದೇ ಬಿಲ್ಲೆಯಲ್ಲಿ ಎರಡೂ ಮದ್ದು ಸೇರಿರುವುದುಂಟು. ಹೀಗಾಗಿ ಹೆಸರು ಬಾಯಲ್ಲಿ ಹೇಳುವುದಕ್ಕಿಂತ ಖಾಲಿಯಾದ ಮಾತ್ರೆ ಪಟ್ಟಿಯನ್ನೇ ಒಯ್ದು ತೋರಿಸುವುದು ಲೇಸು. ಥೈರಾಯ್ಡ್, ಮೂರ್ಛೆರೋಗದ ಮಾತ್ರೆ ತಪ್ಪಿಸಬಾರದು. ದಮ್ಮಿನವರು ಪಂಪ್ ಹೊಡೆದುಕೊಂಡು, ಪಂಪನ್ನು ಜೊತೆಗೂ ತರಬೇಕು.

ಸಕ್ಕರೆಯವರದು ನಾಜೂಕಿನ ಲೆಕ್ಕ. ಊಟವಿಲ್ಲದ ಬೆಳಿಗ್ಗೆ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಊಟದ ಮುಂಚಿನ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಅದಕ್ಕೇ ಅವನ್ನು ಆ ಬೆಳಿಗ್ಗೆ ಬಿಡಿಸುತ್ತಾರೆ. ರಾತ್ರಿಯ ದೀರ್ಘಾವಧಿ ಇನ್ಸುಲಿನ್ ಪೂರ್ತಿ ನಿಲ್ಲಿಸುವಂಥದ್ದಲ್ಲ, ಸ್ವಲ್ಪ ಕಡಿಮೆ ಮಾಡಿ ಕೊಡುತ್ತಾರೆ, ಎಷ್ಟೆಂದು ಡಾಕ್ಟರು ಬರೆದುಕೊಡಬೇಕು. ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ್ದು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳ ವಿಷಯ. ಇವನ್ನು ಮೂರು ದಿನ ಮೊದಲೇ ನಿಲ್ಲಿಸಬೇಕು. ಉಪವಾಸದಲ್ಲಿ ಇವು ದೇಹದಲ್ಲಿ ಕೀಟೋನ್ ಎಂಬ ಆಮ್ಲವನ್ನು ಏರಿಸಬಹುದು. ಸಕ್ಕರೆಯ ಅಂಕಿ ಹೆಚ್ಚು ಏರದೆಯೇ ಹೀಗಾಗುವುದರಿಂದ ಗುರುತು ಹಿಡಿಯುವುದು ತಡವಾಗುತ್ತದೆ. ಹೃದಯಕ್ಕೆಂದು ಕೊಟ್ಟಿದ್ದರೂ ಇದೇ ಮಾತು, ಆದರೆ ನಿಲ್ಲಿಸುವ ಮುಂಚೆ ಕೊಟ್ಟ ಡಾಕ್ಟರಿಗೆ ತಿಳಿಸಿ. ದಾರಿಯಲ್ಲಿ ಕೈ ನಡುಗಿ, ತಣ್ಣನೆ ಬೆವರು ಬಂದು, ಕಣ್ಣು ಮಂಜಾದರೆ ಉಪವಾಸ ಕೆಟ್ಟೀತೆಂದು ತಡೆದುಕೊಳ್ಳಬೇಡಿ. ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನೀರಿಗೆ ಕಲಸಿ ಕುಡಿದು, ಆಸ್ಪತ್ರೆ ಮುಟ್ಟಿದೊಡನೆ ಮೊದಲು ಅದನ್ನೇ ಹೇಳಿ. ಸಕ್ಕರೆಯವರನ್ನು ಪಟ್ಟಿಯಲ್ಲಿ ಮೊದಲಿಗೆ ಹಾಕಲು ಕೇಳಿಕೊಳ್ಳುವುದು ನ್ಯಾಯವಾದ ಬೇಡಿಕೆ.

ರಕ್ತ ತೆಳುಮಾಡುವ ಮಾತ್ರೆಗಳನ್ನು, ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ಯಾವುದೇ ಇರಲಿ, ಸ್ವಂತ ಬುದ್ಧಿಯಿಂದ ನಿಲ್ಲಿಸಲೂಬಾರದು, ಮುಂದುವರಿಸಲೂಬಾರದು. ಕೆಲವು ಆಪರೇಷನ್‌ಗೆ ಐದಾರು ದಿನ ಮೊದಲೇ ಬಿಡಿಸಬೇಕಾಗುತ್ತದೆ, ಪೊರೆಗೆ ಅನೇಕ ಸಲ ಬಿಡಿಸುವುದೇ ಇಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿ ನಿಲ್ಲಿಸಿದರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ನಾಟಿ ಔಷಧಿ, ನೋವಿಗೆಂದು ಮೆಡಿಕಲ್ ಶಾಪಿನಿಂದ ತಂದ ಗುಳಿಗೆ, ಇವುಗಳ ವಿಷಯವನ್ನೂ ಡಾಕ್ಟರಿಗೆ ಹೇಳಿ.

ಸ್ನಾನ, ಕೂದಲು, ಒಡವೆ

ಹಿಂದಿನ ರಾತ್ರಿ ಅಥವಾ ಬೆಳಿಗ್ಗೆ ಸೋಪು ಹಚ್ಚಿ ಮೈತುಂಬ ಸ್ನಾನ. ಪೊರೆ ಆಪರೇಷನ್ ಇದ್ದರೆ ತಲೆಗೂ ಎರೆದುಕೊಳ್ಳಿ, ಆಮೇಲೆ ಕೆಲವು ದಿನ ತಲೆಸ್ನಾನಕ್ಕೆ ಬಿಡುವುದಿಲ್ಲ. ಕಾಡಿಗೆ, ವಿಭೂತಿ, ಕುಂಕುಮ ಅಂದು ಬೇಡ. ಮೈಗೆ ಎಣ್ಣೆ, ಕ್ರೀಮು ಹಚ್ಚಿದರೆ ಇಸಿಜಿಯ ಪಟ್ಟಿ ಅಂಟುವುದಿಲ್ಲ. ಮನೆಯಲ್ಲಿ ಬ್ಲೇಡಿನಿಂದ ಕೂದಲು ಬೋಳಿಸಿಕೊಂಡು ಬರುವುದು ಸೇವೆ ಮಾಡಿದಂತೆ ಕಂಡರೂ ಅಪಕಾರ. ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಸೇರಿ ಗಾಯ ಕೀವಾಗುವ ಸಂಭವ ಹೆಚ್ಚುತ್ತದೆ. ಬೇಕಿದ್ದರೆ ಆಸ್ಪತ್ರೆಯಲ್ಲೇ ಕ್ಲಿಪ್ಪರಿನಿಂದ ಕತ್ತರಿಸುತ್ತಾರೆ.

ಉಗುರು ಬಣ್ಣ ತೆಗೆಯಿರಿ. ಬೆರಳಿಗೆ ಸಿಕ್ಕಿಸುವ ಕ್ಲಿಪ್ ಉಗುರಿನ ಮೂಲಕ ಬೆಳಕು ಹಾಯಿಸಿ ಆಮ್ಲಜನಕ ಅಳೆಯುತ್ತದೆ, ಗಾಢ ಬಣ್ಣ ಅದನ್ನು ತಡೆಯುತ್ತದೆ. ಮದುವೆಗೆ ಹಚ್ಚಿದ ಕಪ್ಪು ಮೆಹಂದಿ ಬೆರಳ ತುದಿಯಲ್ಲಿದ್ದರೆ ಕಿವಿಹಾಲೆಗೋ ಮೆಹಂದಿ ಇಲ್ಲದ ಬೆರಳಿಗೋ ಹಾಕಿರೆಂದು ನೆನಪಿಸಿ.

ರಕ್ತ ನಿಲ್ಲಿಸಲು ಬಳಸುವ ಕಾಟರಿ ಯಂತ್ರದ ವಿದ್ಯುತ್ತು ಲೋಹ ತಾಗಿದ ಕಡೆ ಚರ್ಮ ಸುಡಬಹುದು. ಸಲೈನ್ ಹೋಗಿ ಬೆರಳು ಊದಿಕೊಂಡರೆ ಉಂಗುರ ಕತ್ತರಿಸಬೇಕಾಗುತ್ತದೆ. ಹಾಗಾಗಿ ಬಳೆ, ಮೂಗುಬೊಟ್ಟು, ಕಾಲುಂಗುರ ಹಿಂದಿನ ರಾತ್ರಿಯೇ ಮನೆಯಲ್ಲೇ ತೆಗೆಯಿರಿ. ವರ್ಷಗಳಿಂದ ತೆಗೆಯದ ಕಾಲುಂಗುರ ಸೋಪು ನೀರಿಗೆ ಜಗ್ಗಿದರೂ ಬರದಿರಬಹುದು, ಆಸ್ಪತ್ರೆಯ ಗಡಿಬಿಡಿಯಲ್ಲಿ ಆ ಪಾಡು ಬೇಡ. ತಾಳಿ ತೆಗೆಯಲು ಮನಸ್ಸು ಒಪ್ಪದವರು ಅರಿಷಿಣದ ದಾರ ಕಟ್ಟಿಕೊಂಡು ಬಂದು ಸಿಸ್ಟರಿಗೆ ಮೊದಲೇ ಹೇಳಬಹುದು. ಅದು ಕೆಲಸಕ್ಕೆ ಅಡ್ಡ ಬರದ ಜಾಗದಲ್ಲಿದ್ದರೆ ಹೆಚ್ಚಿನವರು ಗೌರವದಿಂದಲೇ ಒಪ್ಪುತ್ತಾರೆ. ಇಷ್ಟಲಿಂಗದ ಬೆಳ್ಳಿ ಕರಡಿಗೆಯೂ ಲೋಹವೇ. ಬೆಳಗಿನ ಪೂಜೆ ಮುಗಿಸಿ ಮನೆಯ ಹಿರಿಯರ ಕೈಯಲ್ಲಿ ವಸ್ತ್ರದಲ್ಲಿ ಸುತ್ತಿ ಕೊಟ್ಟು ಹೊರಟರೆ, ಆಪರೇಷನ್ ಕೋಣೆಯ (ಓಟಿ) ಬಾಗಿಲಲ್ಲಿ ಯಾರೋ ‘ತೆಗೀರಿ’ ಅಂದಾಗ ಆಗುವ ಕಸಿವಿಸಿ ಇಲ್ಲ. ಹರ್ನಿಯಾ, ಹೈಡ್ರೋಸೀಲ್‌ನವರು ಉಡದಾರವನ್ನೂ ಬಿಚ್ಚಬೇಕು, ಅದು ಕೂರುವುದು ಸರಿಯಾಗಿ ಕೆಲಸದ ಜಾಗದ ಹತ್ತಿರ.

ಕಾಗದ ಮತ್ತು ಸಹಿ

ಆಧಾರ್, ರೇಷನ್ ಕಾರ್ಡ್, ರಕ್ತ ಪರೀಕ್ಷೆ, ಇಸಿಜಿ, ಫಿಟ್‌ನೆಸ್ ಬರೆದ ಹಾಳೆ ಒಂದೇ ಚೀಲದಲ್ಲಿರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸೇರುತ್ತದೆ. ಆದರೆ ಎಷ್ಟೋ ಮಾಮೂಲಿ ಆಪರೇಷನ್‌ಗಳನ್ನು ಖಾಸಗಿಯಲ್ಲಿ ಈ ಯೋಜನೆಯಡಿ ಮಾಡಿಸಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಿಎಂಸಿಆರ್‌ಸಿ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇಂಥ ಸರ್ಕಾರಿ ಆಸ್ಪತ್ರೆಗಳೇ. ರೆಫರಲ್ ಚೀಟಿಯ ಓಡಾಟ ಆಪರೇಷನ್ ದಿನ ಬೆಳಿಗ್ಗೆಗೆ ಇಟ್ಟುಕೊಂಡರೆ ಸರದಿ ತಪ್ಪಿದಂತೆಯೇ.

ಒಪ್ಪಿಗೆ ಪತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ನಿಮಗೆ ತಿಳಿಯುವ ಭಾಷೆಯಲ್ಲಿ, ಕನ್ನಡವೋ ತೆಲುಗೋ ಉರ್ದುವೋ, ಓದಿ ಹೇಳಿ ಎಂದು ಕೇಳುವುದು ಹಕ್ಕು. ಯಾವ ಆಪರೇಷನ್, ಯಾವ ಬದಿ, ಎಂಥ ಅರಿವಳಿಕೆ, ಏನು ತೊಂದರೆಯಾಗಬಹುದು, ಮಾಡದಿದ್ದರೆ ಏನು, ಈ ಐದೂ ತಿಳಿಯಬೇಕು. ಒಂದು ಆಪರೇಷನ್‌ಗೆ ಕೊಟ್ಟ ಒಪ್ಪಿಗೆಯನ್ನು, ಜೀವಕ್ಕೆ ಕುತ್ತು ಬಂದ ತುರ್ತು ಹೊರತು, ಇನ್ನೊಂದಕ್ಕೆ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಹದಿನೆಂಟು ದಾಟಿ, ಬುದ್ಧಿ ಸ್ಥಿಮಿತದಲ್ಲಿರುವ ಹೆಣ್ಣುಮಗಳ ಆಪರೇಷನ್‌ಗೆ ಬೇಕಾದ ಒಪ್ಪಿಗೆ ಆಕೆಯದೇ.

ಒಳಗೆ ಹೋದ ಮೇಲೆ

ಮೊದಲು ಬಿಪಿ, ಸಕ್ಕರೆ, ತೂಕ. ಆಮೇಲೆ ಕೈಗೆ ಕ್ಯಾನುಲಾ, ಅಂದರೆ ಸಲೈನ್, ಮದ್ದು ಹಾಯಿಸಲು ನರಕ್ಕೆ ಹಾಕುವ ಸಣ್ಣ ಕೊಳವೆ. ಸಾಮಾನ್ಯವಾಗಿ ಗುಲಾಬಿ ಇಲ್ಲವೇ ಹಸಿರು ಬಣ್ಣದ್ದು, ಹಸಿರು ತುಸು ದಪ್ಪ. ಚುಚ್ಚಿದಾಗಿನ ನೋವು ಕ್ಷಣದ್ದು. ಆದರೆ ಸಲೈನ್ ಹೋಗುವಾಗ ಆ ಜಾಗ ಊದಿ ಉರಿದರೆ ಸುಮ್ಮನಿರಬೇಡಿ, ಅದು ನರದಿಂದ ಹೊರಗೆ ಬಂದಿರಬಹುದು. ಮುಂಗೈಗೆ ಚರ್ಮದಡಿ ಒಂದು ಹನಿ ಮದ್ದು ಕೊಟ್ಟು ಗುರುತು ಹಾಕಿ ಕಾಯುತ್ತಾರೆ, ಅದೇ ಟೆಸ್ಟ್ ಡೋಸ್. ಹಿಂದೆ ಯಾವುದಾದರೂ ಇಂಜೆಕ್ಷನ್‌ಗೆ ಮೈಯೆಲ್ಲ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಈಗಲಾದರೂ ಹೇಳಲೇಬೇಕು, ಟೆಸ್ಟ್ ಡೋಸ್ ಸರಿಬಂದ ಮಾತ್ರಕ್ಕೆ ಅಲರ್ಜಿ ಇಲ್ಲವೆಂದು ತೀರ್ಮಾನವಾಗುವುದಿಲ್ಲ. ಸೋಂಕು ತಡೆಯುವ ಇಂಜೆಕ್ಷನ್ ಬೇಕಿದ್ದರೆ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಕೊಡುತ್ತಾರೆ. ಮೂಲವ್ಯಾಧಿಯವರಿಗೆ ಎನಿಮಾ, ಪೊರೆಯವರಿಗೆ ಕಣ್ಣಿನ ಪಾಪೆ ಅಗಲಿಸುವ ಹನಿ ಮತ್ತೆ ಮತ್ತೆ. ಹನಿ ಹಾಕಿದಾಗ ಉರಿದು ಎದುರಿನದೆಲ್ಲ ಮಸುಕಾಗುವುದು ಸಹಜ.

‘ಹೆಸರೇನು? ಏನು ಆಪರೇಷನ್? ಎಡಕ್ಕೋ ಬಲಕ್ಕೋ?’ ಒಬ್ಬರಾದ ಮೇಲೊಬ್ಬರು ಇದನ್ನೇ ಕೇಳುತ್ತಾರೆ. ‘ಇವರಿಗೆ ಏನೂ ಗೊತ್ತಿಲ್ಲೇನು’ ಎಂದು ಮನೆಯವರಿಗೆ ದಿಗಿಲಾಗುತ್ತದೆ. ಗೊತ್ತಿದ್ದೇ ಕೇಳುವುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯಲ್ಲಿ ಅರಿವಳಿಕೆಗೆ ಮೊದಲು, ಕೊಯ್ಯುವ ಮೊದಲು, ಓಟಿಯಿಂದ ಹೊರಡುವ ಮೊದಲು ಹೀಗೆ ಮೂರು ಸಲ ನಿಂತು ತಾಳೆ ನೋಡಬೇಕು. ಜೊತೆಯವರು ಉತ್ತರಿಸದೆ ರೋಗಿಯೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಹರ್ನಿಯಾ ಇರುವ ಬದಿಗೆ ಪೆನ್ನಿನಲ್ಲಿ ಗುರುತು ಹಾಕದಿದ್ದರೆ ‘ಗುರುತು ಹಾಕ್ರಿ ಸರ’ ಎಂದು ನೀವೇ ಕೇಳಿ. ನೆಗಡಿ, ಕೆಮ್ಮು, ರಾತ್ರಿ ಬಂದ ಜ್ವರ ಹೇಳುವುದಕ್ಕೂ ಇದೇ ಹೊತ್ತು. ಮುಟ್ಟಾಗಿದ್ದರೆ ಸಂಕೋಚವಿಲ್ಲದೆ ಹೇಳಿ, ಹೆಚ್ಚಿನ ಆಪರೇಷನ್‌ಗೆ ಅದು ಅಡ್ಡಿಯಲ್ಲ. ಮುಟ್ಟು ತಪ್ಪಿದ್ದರೆ ಹೇಳುವುದು ಅದಕ್ಕಿಂತ ಮುಖ್ಯ.

ಕಾಯುವುದು ಮಾತ್ರ ಯಾರ ಕೈಯಲ್ಲೂ ಇಲ್ಲ. ಅಪಘಾತವೋ ಸಿಸೇರಿಯನ್ನೋ ಬಂದರೆ ಟೇಬಲ್ ಮೊದಲು ಅವರಿಗೆ. ಸರದಿ ಎರಡು ಗಂಟೆಗಿಂತ ಹೆಚ್ಚು ಹಿಂದಕ್ಕೆ ಹೋಗಿದೆ ಎಂದು ತಿಳಿದ ಕೂಡಲೇ ಸಿಸ್ಟರನ್ನು ಕೇಳಿ: ‘ಈಗ ಒಂದಿಷ್ಟು ನೀರು ಕುಡಿಬಹುದೇನ್ರಿ?’ ಅರಿವಳಿಕೆ ಡಾಕ್ಟರನ್ನು ವಿಚಾರಿಸಿ ಹೇಳುತ್ತಾರೆ. ಬೇಡವೆಂದರೆ ಸಲೈನ್ ಏರಿಸಲು ಕೋರಬಹುದು. ಸಕ್ಕರೆಯವರು ಮತ್ತೊಮ್ಮೆ ಬೆರಳು ಚುಚ್ಚಿ ನೋಡಿಸಿಕೊಳ್ಳಲಿ.

ಕರೆದಾಗ ಮೂತ್ರಕ್ಕೆ ಹೋಗಿಬನ್ನಿ. ಓಟಿ ಒಳಗೆ ಎಸಿಯ ಚಳಿ ಜೋರಿರುತ್ತದೆ, ಹೊರಗಿನ ಬಿಸಿಲಿನಿಂದ ಬಂದ ಮೈ ನಡುಗುತ್ತದೆ. ಹೊದಿಕೆ ಕೇಳಿ ಪಡೆಯಿರಿ. ಬೆನ್ನಿಗೆ ಇಂಜೆಕ್ಷನ್ ಆದರೆ ಕುಳಿತು, ಗದ್ದವನ್ನು ಎದೆಗೆ ತಾಗಿಸಿ, ಮುಂದಕ್ಕೆ ಬಾಗಿ ಬೆನ್ನನ್ನು ಹೊರಕ್ಕೆ ಉಬ್ಬಿಸಿ ಅಲುಗದೆ ಇರಬೇಕು. ಹಾಗೆ ಬಾಗಿದಾಗ ಬೆನ್ನುಮೂಳೆಗಳ ನಡುವಿನ ಸಂದು ತೆರೆದು ಸೂಜಿ ಸಲೀಸಾಗಿ ಹೋಗುತ್ತದೆ. ಕೆಮ್ಮು ಬರುವಂತಿದ್ದರೆ ಮೊದಲೇ ‘ತಡೀರಿ’ ಅನ್ನಿ.

ಇಷ್ಟು ಹೊತ್ತೂ ಹೊರಗೆ ಒಬ್ಬರು ವಯಸ್ಕರು ಇರಲೇಬೇಕು, ಸಂಜೆ ಕರೆದೊಯ್ದು ರಾತ್ರಿ ಜೊತೆಗಿರಲೂ ಅವರೇ ಬೇಕು. ಪೂರ್ತಿ ಅರಿವಳಿಕೆಯ ನಂತರ 24 ಗಂಟೆ ಬೈಕ್ ಓಡಿಸುವುದು, ಮದ್ಯ ಕುಡಿಯುವುದು, ಹಣಕಾಸಿನ ಕಾಗದಕ್ಕೆ ಸಹಿ ಹಾಕುವುದು ಬೇಡ. ಯಾರೂ ಜೊತೆಗಿಲ್ಲದೆ ಬಂದವರನ್ನು ಬೆಳಿಗ್ಗೆಯೇ ವಾಪಸ್ ಕಳಿಸುವುದುಂಟು. ಊರು ದೂರವಿದ್ದು ಕೊನೆಯ ಬಸ್ಸು ಬೇಗ ಇದ್ದರೆ ವಾಹನದ ವ್ಯವಸ್ಥೆ, ಇಲ್ಲವೇ ಆಸ್ಪತ್ರೆಯ ಹತ್ತಿರ ಒಂದು ರಾತ್ರಿಯ ವಸತಿ ಮೊದಲೇ ನೋಡಿಕೊಳ್ಳಿ.

ಆಪರೇಷನ್ ಅಂದು ಆಗಲೇ ಇಲ್ಲ ಎಂದಿಟ್ಟುಕೊಳ್ಳಿ. ಹೊರಡುವ ಮುನ್ನ ಕ್ಯಾನುಲಾ ತೆಗೆಸಿಕೊಳ್ಳಿ. ಆಸ್ಪತ್ರೆಯಲ್ಲೇ ಏನಾದರೂ ತಿಂದು, ಸಕ್ಕರೆಯವರು ಸಕ್ಕರೆ ನೋಡಿಸಿಕೊಂಡು ಹೊರಡಲಿ. ಯಾಕೆ ಮುಂದೆ ಹೋಯಿತು, ಹೊಸ ದಿನ ಯಾವುದು, ನಿಲ್ಲಿಸಿದ ಮಾತ್ರೆಗಳನ್ನು ಇಂದಿನಿಂದ ಶುರುಮಾಡಬೇಕೇ, ಮಾಡಿಸಿದ ರಕ್ತ ಪರೀಕ್ಷೆ ಆ ದಿನಕ್ಕೂ ನಡೆಯುತ್ತದೆಯೇ, ಈ ನಾಲ್ಕಕ್ಕೂ ಉತ್ತರ ಅದೇ ಚೀಟಿಯ ಹಿಂಬದಿಗೆ ಬರೆಸಿಕೊಳ್ಳಿ.